ಯಾವ ಪಾಪ?

ನಮ್ಮ ಎದುರುಮನೆ ಅತ್ತೆ ಯಾರ ಕಣ್ಣನ್ನೂ ನೋಡುವುದಿಲ್ಲ, ಬಾಯಿ ನೋಡುತ್ತಾರೆ. ಕತ್ತು ಮುಂದಕ್ಕೆ ಚಾಚಿ, ಹುಬ್ಬು ಗಂಟಿಕ್ಕಿ, ಎದುರಿಗಿರುವವರ ತುಟಿಯ ಮೇಲೆ ನೋಟ ನೆಟ್ಟರೆಂದರೆ ಹೊಸಬರು ಹಲ್ಲಿಗೆ ಏನೋ ಸಿಕ್ಕಿಕೊಂಡಿದೆ ಎಂದುಕೊಂಡು ಬಾಯಿ ಒರೆಸಿಕೊಳ್ಳುತ್ತಾರೆ. ನಮ್ಮ ಮನೆಗೆ ಬಂದ ಹೆಣ್ಣು ನೋಡುವವರಲ್ಲಿ ಒಬ್ಬರು ಹೀಗೇ ಮೂರು ಸಲ ಒರೆಸಿಕೊಂಡು, ಕೊನೆಗೆ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದಿದ್ದರು.

ಸೇಲಂನ ನಮ್ಮ ಬೀದಿಯಲ್ಲಿ ಇರುವವರೆಲ್ಲ ನೇಕಾರರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅತ್ತೆ ರಕ್ತಸಂಬಂಧಿಯೇನಲ್ಲ, ಎದುರು ಬಾಗಿಲಿನವರು ಅಷ್ಟೇ. ಮದುವೆಯಾಗಿ ಬಂದಾಗ ಮನೆಯ ಗುಂಡಿಮಗ್ಗದಲ್ಲಿ ಸೀರೆ ನೇಯುತ್ತಿದ್ದವರು, ಗಂಡ ಹೋದ ಮೇಲೆ ಪವರ್‌ಲೂಮ್ ಶೆಡ್ಡಿಗೆ ಸೇರಿ ಇಪ್ಪತ್ತೈದು ವರ್ಷ ದುಡಿದರು. ಒಂದೇ ಸೂರಿನಡಿ ಅಷ್ಟೊಂದು ಮಗ್ಗಗಳು ಒಟ್ಟಿಗೆ ಬಡಿದುಕೊಂಡರೆ ಪಕ್ಕದಲ್ಲಿ ನಿಂತವರು ಕಿರುಚಿದರೂ ಕೇಳುವುದಿಲ್ಲ. ಹಾಗಾಗಿ ಅಲ್ಲಿನ ಹೆಂಗಸರು ದನಿಯ ಆಸೆ ಬಿಟ್ಟು ತುಟಿಯಲ್ಲೇ ಮಾತಾಡಿಕೊಳ್ಳುತ್ತಿದ್ದರಂತೆ. ಮಗ್ಗ ಸರಿಯಾಗಿ ಓಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಅದರ ಮೈಮೇಲೆ ಅಂಗೈ ಇಡುತ್ತಿದ್ದರಂತೆ. ಶೆಡ್ಡು ಬಿಡುವ ಹೊತ್ತಿಗೆ ಅತ್ತೆಯ ಎರಡು ಕಿವಿಯೂ ಹೋಗಿದ್ದವು.

"ಕಿವಿ ಎಲ್ಲೋಯ್ತು ಅತ್ತೆ?" ಎಂದು ಚಿಕ್ಕವಳಿದ್ದಾಗ ಕೇಳಿದ್ದೆ.

"ಶೆಡ್ಡಾಗೆ ಮರ್ತು ಬಂದೆ ಕಣ್ಲೇ. ವಾಪಸ್ ಕೇಳಾಕೆ ಓದ್ರೆ ಗೇಟಿಗೆ ಬೀಗ ಆಕವ್ರೆ."

ಅವರು ನಮಗೆಲ್ಲ ಹೇಳುತ್ತಿದ್ದ ಮಾತು ಒಂದೇ: "ಮೊಕ ತೋರ್ಸಿ ಮಾತಾಡು. ಬೆನ್ನಿಗೆ ಬಾಯಿಲ್ಲ." ಟಿವಿ ಸೀರಿಯಲ್ಲು ನೋಡಲು ನಮ್ಮ ಮನೆಗೆ ಬರುತ್ತಿದ್ದರು. ಬೇರೆ ಭಾಷೆಯಿಂದ ಡಬ್ ಮಾಡಿದ್ದಾದರೆ ಎರಡನೇ ನಿಮಿಷಕ್ಕೆ ಎದ್ದು ನಿಂತು, "ಈ ಉಡ್ಗಿ ಬಾಯಾಗೆ ನಮ್ ಮಾತೂ ಇಲ್ಲ, ತಮಿಳೂ ಇಲ್ಲ. ಬರೀ ಮೋಸ" ಎಂದು ಹೊರಟುಬಿಡುತ್ತಿದ್ದರು. ಬಸ್ಸಿನ ಗಾಜಿನಾಚೆ ಜಗಳವಾಡುವ ಗಂಡ ಹೆಂಡಿರ ಮಾತನ್ನು ನಮಗೆ ಸಾಲು ಬಿಡದೆ ಒಪ್ಪಿಸುತ್ತಿದ್ದರು. ಒಮ್ಮೆ ನಾನು ಗೆಳತಿಗೆ ದೂರದಿಂದಲೇ, ದನಿ ಬಾರದಂತೆ ಒಂದು ಕೆಟ್ಟ ಬೈಗುಳ ಬೈದೆ. ಎದುರು ಜಗಲಿಯಿಂದ ಇಡೀ ಬೀದಿಗೆ ಕೇಳುವಂತೆ ಉತ್ತರ ಬಂತು: "ಅದ್ನ ನಿಮ್ಮಪ್ಪನ ಮುಂದೆ ಯೋಳ್ಲೇ ನೋಡನ!" ತಮ್ಮ ದನಿ ಎಷ್ಟು ದೊಡ್ಡದೆಂದು ಅವರಿಗೆ ಗೊತ್ತಾಗುವುದಿಲ್ಲ. ಅವತ್ತು ಅಪ್ಪನಿಗೆ ಚೆನ್ನಾಗಿ ಗೊತ್ತಾಯಿತು.

ಈಗ ಆ ಬೆಳಗ್ಗೆಯ ವಿಷಯಕ್ಕೆ ಬರುತ್ತೇನೆ. 

ಅಕ್ಕನನ್ನು ಕಾರಿಮಂಗಲಕ್ಕೆ ಕೊಟ್ಟಿತ್ತು. ಮೊದಲ ಬಸಿರು ಏಳನೇ ತಿಂಗಳಿಗೆ ಕಳೆದುಹೋಗಿ, ಮನೆಯಲ್ಲಿ ಆರು ತಿಂಗಳು ಯಾರೂ ನಗಲಿಲ್ಲ. ಎರಡನೆಯದು ನಿಂತಾಗ ಡಾಕ್ಟರು ಓಡಾಟವೇ ಬೇಡ ಎಂದರು. ಅವಳು ತವರಿಗೆ ಬರುವ ಬದಲು ಅಮ್ಮನೇ ಅಪ್ಪನ ಬಟನ್ ಫೋನು ತೆಗೆದುಕೊಂಡು ಅಲ್ಲಿಗೆ ಹೋದಳು. ಮನೆಯಲ್ಲಿ ಉಳಿದದ್ದು ಅಪ್ಪ, ನಾನು ಮತ್ತು ನನ್ನ ಸ್ಮಾರ್ಟ್‌ಫೋನು.

ಆ ಫೋನನ್ನು ನಾನೇ ಕೆಡಿಸಿಟ್ಟಿದ್ದೆ. ಹಿಂದಿನ ಸಂಜೆ ಹೆಡ್‌ಫೋನು ಹಾಕಿಕೊಂಡು ಹಾಡು ಕೇಳುತ್ತ ನೇಯುವಾಗ ಅದರ ವೈರು ಮಗ್ಗಕ್ಕೆ ಸಿಕ್ಕಿ ಪಟ್ಟೆಂದು ಕಿತ್ತುಹೋಯಿತು. "ಕಿವಿಗೆ ಅಗ್ಗ ಕಟ್ಕೊಂಡು ನೇಯ್ದ್ರೆ ಇಂಗೇ" ಎಂದು ಅಪ್ಪ ನಕ್ಕರು. ಸಿಟ್ಟಿನಲ್ಲಿ ಪಿನ್ನು ಎಳೆದು ಮೂಲೆಗೆ ಬಿಸಾಕಿದೆ. ಆಮೇಲೆ ನೋಡಿದರೆ ಫೋನಿನ ನೆತ್ತಿಯಲ್ಲಿ ಹೆಡ್‌ಫೋನಿನ ಪುಟ್ಟ ಗುರುತು ಹಾಗೇ ಇದೆ! ಪಿನ್ನಿನ ತೂತಿನಲ್ಲಿ ಏನೂ ಇಲ್ಲ, ಆದರೂ ಹೆಡ್‌ಫೋನು ಇದೆ ಎನ್ನುತ್ತದೆ ಫೋನು. ಸ್ಪೀಕರಿನಿಂದ ಚೂರೂ ಸದ್ದಿಲ್ಲ, ನಮ್ಮ ಮಾತೂ ಆಚೆಯವರಿಗೆ ತಲುಪುತ್ತಿಲ್ಲ. ಬೆಳಗ್ಗೆ ಅಂಗಡಿಗೆ ಕೊಟ್ಟರಾಯಿತು ಎಂದುಕೊಂಡೆ.

ಬೆಳಗ್ಗೆ ಎದ್ದರೆ ಭಾವನ ಮೆಸೇಜು: ಅಡ್ಮಿಟ್ ಆಗಿದ್ದಾಳೆ, ಆಮೇಲೆ ಕಾಲ್ ಮಾಡುತ್ತೇನೆ. ಫೋನು ಕೆಟ್ಟಿದೆ, ಬರೆದೇ ತಿಳಿಸಿ ಎಂದು ಕಳಿಸಿದೆ, ಅವನು ಅದನ್ನು ನೋಡಲೇ ಇಲ್ಲ.

ಅಪ್ಪ ಮಗ್ಗದ ಗುಂಡಿಗಿಳಿದರು, ಆದರೆ ಲಾಳಿ ಓಡಿಸಲಿಲ್ಲ. ನಾನು ಫೋನನ್ನು ಆಫ್ ಮಾಡಿ ಆನ್ ಮಾಡಿದೆ. ವಾಲ್ಯೂಮ್ ಏರಿಸಿದೆ, ಇಳಿಸಿದೆ. ಬ್ಲೂಟೂತ್ ತೆಗೆದೆ. ಸೆಟ್ಟಿಂಗಿನಲ್ಲಿ ಸಿಕ್ಕಿದ್ದನ್ನೆಲ್ಲ ಒತ್ತಿದೆ. ತೂತಿಗೆ ಬಾಯಿಟ್ಟು ಊದಿದೆ, ತೊಡೆಗೆ ಬಡಿದೆ, ಗಣಪತಿಗೆ ಕೈ ಮುಗಿದೆ. ಗುರುತು ಕದಲಲಿಲ್ಲ. ಅಂಗಡಿ ತೆರೆಯುವುದು ಹತ್ತಕ್ಕೆ. ಮುಹೂರ್ತದ ದಿನವಾದ್ದರಿಂದ ಬೀದಿಯ ಜನವೆಲ್ಲ ಒಂದು ಮದುವೆಗೆ ಹೋಗಿದ್ದರು, ಬೇರೆ ಫೋನು ಬೇಡೋಣವೆಂದರೂ ಆಸುಪಾಸಿನಲ್ಲಿ ಯಾರೂ ಇಲ್ಲ.

ಒಂಬತ್ತಕ್ಕೆ ಪರದೆ ಬೆಳಗಿತು. ಭಾವನ ವೀಡಿಯೊ ಕಾಲ್.

ತೆಗೆದೆ. ಭಾವನ ಮುಖ ಪರದೆಯ ತುಂಬ ಬಂತು. ಕಣ್ಣಲ್ಲಿ ದಳದಳ ನೀರು! ಬಾಯಿ ಆಡುತ್ತಿದೆ, ಆಡುತ್ತಲೇ ಇದೆ, ಒಂದಕ್ಷರ ಕೇಳುವುದಿಲ್ಲ. ಸ್ಪೀಕರ್ ಬಟನ್ ಒತ್ತಿ ಒತ್ತಿ ಬೆರಳು ನೋಯಿತು. "ಭಾವಾ, ಸವುಂಡಿಲ್ಲ! ಸವುಂಡಿಲ್ಲ!" ಎಂದು ಕಿರುಚಿದೆ. ಅವನಿಗೂ ಕೇಳಲಿಲ್ಲ. ಅಪ್ಪ ಗುಂಡಿಯಿಂದ ಎದ್ದು ಬಂದರು. ಅಳಿಯನ ಅಳುಮುಖ ನೋಡಿದ್ದೇ ನನ್ನ ಕೈಯಲ್ಲಿದ್ದ ಫೋನಿಗೆ ಕಿವಿ ತಂದಿಟ್ಟರು.

ಆಗ ಹೊಳೆಯಿತು ನನಗೆ. ಫೋನನ್ನು ಎದೆಗವಚಿಕೊಂಡು ಬೀದಿ ದಾಟಿ ಒಂದೇ ಓಟ. ಅತ್ತೆ ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಪರದೆಯನ್ನು ಅವರ ಮೂಗಿನೆದುರು ಹಿಡಿದೆ. ಅವರು ಸೊಪ್ಪು ಕೆಳಗಿಟ್ಟು ಕತ್ತು ಚಾಚಿದರು.

"ಮಾಮಾ ಅಂತವ್ನೆ" ಎಂದರು.

ಬೆನ್ನ ಹಿಂದೆಯೇ ಬಂದಿದ್ದ ಅಪ್ಪ ಇನ್ನೂ ಹತ್ತಿರಕ್ಕೆ ಬಗ್ಗಿದರು. ಭಾವ ಅವರನ್ನು ಕರೆಯುವುದು ಮಾಮ ಎಂದೇ.

"ಇರು ಇರು. ಅದು ಬರೀ ಮಾಮ ಅಲ್ಲ. ಮಾ ಅಂದ್ರೆ ತುಟಿ ಮೆತ್ತಗೆ ಬಿಡ್ತೈತೆ. ಇವ್ನು ತುಟಿ ಒಡೀತವ್ನೆ, ನೋಡು. ಪಾಪ ಅಂತವ್ನೆ. ಮಾಮಾ, ಪಾಪ... ಮಾಮಾ, ಪಾಪ..."

ಅಷ್ಟು ಹೇಳುವಾಗ ನೆಟ್‌ವರ್ಕ್ ಹೋಗಿ ಕಾಲ್ ಕಟ್ಟಾಯಿತು.

ನಾನು ಕುಣಿಯುವವಳಿದ್ದೆ. ಪಾಪ ಅಂದರೆ ಮಗು! ತಿರುಗಿ ನೋಡುತ್ತೇನೆ, ಅಪ್ಪ ಜಗಲಿಗೆ ಕುಸಿದು ಕೂತಿದ್ದಾರೆ. "ಪಾಪ ಅಂದ್ನಾ? ಅಳ್ಕೊಂಡು ಪಾಪ ಅಂದ್ನಾ?" ಎನ್ನುತ್ತಿದ್ದಾರೆ. ನಮ್ಮ ಮಾತಿನಲ್ಲಿ ಮಗುವೂ ಪಾಪ, ಅಯ್ಯೋ ಎನ್ನುವುದೂ ಪಾಪ. ಹೋದ ಸಲ ಇದೇ ಭಾವ ಇದೇ ಅಪ್ಪನ ಹೆಗಲ ಮೇಲೆ ತಲೆಯಿಟ್ಟು, "ಪಾಪ ಮಾಮ, ಅವ್ಳು ಪಾಪ" ಎಂದು ಅತ್ತಿದ್ದ. ಭಾವನಿಗೆ ಬರೆದು ಕೇಳಿದೆ, ನೆಟ್‌ವರ್ಕ್ ಇಲ್ಲದೆ ಮೆಸೇಜು ಹೋಗಲಿಲ್ಲ.

"ಯಾವ ಪಾಪ?" ಎಂದರು ಅಪ್ಪ, ಅತ್ತೆಯ ಮುಖ ನೋಡಿ.

ಅತ್ತೆ ಎಂದೂ ಸೋತದ್ದನ್ನು ನಾನು ನೋಡಿರಲಿಲ್ಲ. ಅವತ್ತು ನಿಧಾನವಾಗಿ ತಲೆಯಾಡಿಸಿದರು. "ತುಟಿಯಾಗೆ ಎರಡೂ ಒಂದೇಯಪ್ಪಾ. ನಾನು ಸುಳ್ಳು ಯೋಳಾಕಿಲ್ಲ. ಸವುಂಡೇ ಯೋಳ್ಬೇಕು." ಮರುಕ್ಷಣವೇ ನನ್ನತ್ತ ಕೈ ಚಾಚಿದರು. "ಕೊಡ್ಲೇ ಇಲ್ಲಿ. ಇದ್ಕೇನಾಗೈತೆ?"

ಜೀವಮಾನದಲ್ಲಿ ಫೋನು ಇಟ್ಟುಕೊಂಡವರಲ್ಲ. ನಾನು ಗುರುತು ತೋರಿಸಿ, ತೂತು ತೋರಿಸಿ, ಬಾಯಿ ದೊಡ್ಡದಾಗಿ ತೆರೆದು ಹೇಳಿದೆ: ಒಳಗೆ ಏನೂ ಇಲ್ಲ, ಆದರೂ ಇದೆ ಎಂದುಕೊಂಡಿದೆ.

ಅವರ ಮುಖ ಅರಳಿತು! "ಅಯ್ಯೋ, ಇದು ನಮ್ ಶೆಡ್ಡಿನ ಕತೆ! ಮಿಷಿನ್ ಮಗ್ಗದಾಗೆ ಒಂದು ಮುಳ್ಳು ಇರ್ತೈತೆ. ನೂಲು ಕಿತ್ತೋದ್ರೆ ಅದು ನೋಡ್ಕೊಂಡು ಮಗ್ಗ ನಿಲ್ಲಿಸ್ಬೇಕು. ಪಂಜು ಬಂದು ಅಲ್ಲಿ ಕೂತ್ರೆ ನೂಲು ಐತೆ ಅಂದ್ಕೊಂಡು ಸುಮ್ಕೆ ಓಡ್ತಾನೇ ಇರ್ತೈತೆ. ನೀನು ಮಗ್ಗದ ಅತ್ರ ಮಡಗ್ತೀಯಲ್ಲ, ಪಂಜು ಓಗೈತೆ ಒಳಗೆ."

ಪಂಜು ಎಂದರೆ ಹತ್ತಿಯ ಧೂಳು, ನಮ್ಮ ಬೀದಿಯಲ್ಲಿ ಅನ್ನಕ್ಕೂ ಬೀಳುತ್ತದೆ. ನಾನು ಸೇಫ್ಟಿ ಪಿನ್ನು ತೆಗೆದೆ. ಅತ್ತೆ ಕೈಗೊಂದು ಏಟು ಕೊಟ್ಟರು. "ಕಬ್ಬಿಣ ಬ್ಯಾಡ! ಕರೆಂಟಿರೋ ಜಾಗಕ್ಕೆ ಕಬ್ಬಿಣ ಆಕ್ತಾರಾ?" ಮೊದಲು ಫೋನು ಆಫ್ ಮಾಡಿಸಿದರು. ಪೊರಕೆಯಿಂದ ತೆಂಗಿನ ಕಡ್ಡಿ ಹಿರಿದು, ಉಗುರಿನಿಂದ ಸೀಳಿ ತೆಳ್ಳಗೆ ಮಾಡಿ, ಬಿಸಿಲಿಗೆ ಹಿಡಿದು ತೂತಿನೊಳಗೆ ಇಳಿಸಿದರು. ಅಪ್ಪ ಗೋಡೆಗೊರಗಿ ಕಣ್ಣು ಮುಚ್ಚಿದ್ದರು. ನಾನು "ಬೇಗ, ಬೇಗ" ಎನ್ನುತ್ತಿದ್ದೆ.

"ಪೊರುಮೆಯಾ ಇರುಲೇ, ತಾಳು. ಅವಸರ ಮಾಡಿದ್ರೆ ಇನ್ನೂ ಒಳಕ್ಕೆ ಓಯ್ತೈತೆ."

ಕಿತ್ತ ನೂಲನ್ನು ಹೊಸೆದು ಕೂಡಿಸುವ ಹಾಗೆ ಕಡ್ಡಿಯನ್ನು ಎರಡು ಬೆರಳಲ್ಲಿ ಒಂದೇ ಕಡೆಗೆ ತಿರುಗಿಸಿದರು. ತಿರುಗಿಸಿ ಎಳೆದರು. ಕಡ್ಡಿಯ ತುದಿಗೆ ಬೂದುಬಣ್ಣದ ಒಂದು ಉಂಡೆ, ಅದರ ಬಾಲಕ್ಕೆ ನಾನು ಹಿಂದಿನ ದಿನ ನೇಯುತ್ತಿದ್ದ ಸೀರೆಯ ಕೆಂಪು ಎಳೆ! ಫೋನು ಆನ್ ಮಾಡಿದೆ. ಗುರುತು ಇನ್ನೂ ಇತ್ತು. ನನಗೆ ಅಳುವೇ ಬಂತು. ಅತ್ತೆ ಮಾತ್ರ, "ಅಳೆ ಪಿನ್ನು ಎಲ್ಲೈತೆ? ಅದ್ನ ಆಕಿ ತಗಿ. ಇದುವರ್ಗೂ ಇತ್ತು, ಈಗ ಓಯ್ತು ಅಂತ ಅದ್ಕೂ ಗೊತ್ತಾಗ್ಬೇಕಲ್ಲ" ಎಂದರು. ಮೂಲೆಯಲ್ಲಿ ಬಿದ್ದಿದ್ದ ತುಂಡು ಹೆಡ್‌ಫೋನನ್ನು ಓಡಿಹೋಗಿ ತಂದೆ. ಹಾಕಿದೆ, ತೆಗೆದೆ. ಹಾಕಿದೆ, ತೆಗೆದೆ. ಮೂರನೇ ಸಲಕ್ಕೆ ಗುರುತು ಮಾಯ!

ಭಾವನಿಗೆ ಕಾಲ್ ಮಾಡಿದೆ. ಟ್ರೀಂಗ್ ಟ್ರೀಂಗ್ ಎಂದು ಬೀದಿಯೇ ಬೆಚ್ಚುವಂತೆ ಕೇಳಿತು. ಪರದೆಯ ಮೇಲೆ ಮೊದಲು ಬಂದದ್ದು ಭಾವನ ಮುಖವಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿದ, ಕಣ್ಣು ಬಿಗಿಯಾಗಿ ಮುಚ್ಚಿದ, ಇಷ್ಟೇ ಇಷ್ಟು ಕೆಂಪು ಮುಖ. ಅಳು! ಎಂಥ ಅಳು ಅಂತೀರಿ! ಅದರ ಮೇಲೆ ಭಾವನ ದನಿ: "ಮಾಮಾ! ಎಣ್ ಪಾಪ ಮಾಮಾ! ಇಬ್ರೂ ಚೆನ್ನಾಗವ್ರೆ! ಆಗ್ಲಿಂದ ಬಡ್ಕೋತಾ ಇದೀನಿ, ಯಾಕೆ ಮಾತಾಡಾಕಿಲ್ಲ ನೀವು?"

"ನೀನ್ ಯಾಕಪ್ಪ ಅಳ್ತೀಯಾ?" ಎಂದು ಕೇಳಿದ ಅಪ್ಪನೂ ಗಳಗಳ ಅಳುತ್ತಿದ್ದರು.

ನಾನು ಅತ್ತೆಯ ಭುಜ ಹಿಡಿದು ಕುಲುಕಿ ಕುಲುಕಿ ಕೂಗಿದೆ: "ಕೇಳ್ತಾ ಅತ್ತೆ? ಪಾಪ ಅಳೋದು ಕೇಳ್ತಾ?"

ಕೂಗಿಯಾದ ಮೇಲೆ ನಾಲಿಗೆ ಕಚ್ಚಿಕೊಂಡೆ. ನಮಗೆಲ್ಲ ಸದ್ದು ತಂದುಕೊಟ್ಟವರು ನನ್ನ ಮುಖ, ಅಪ್ಪನ ಮುಖ, ಪರದೆ ಹೀಗೆ ಸರದಿಯಂತೆ ನೋಡುತ್ತ ನಿಂತಿದ್ದರು. ನನ್ನ ಮೇಲೆ ನನಗೇ ಬಂದಷ್ಟು ಕೋಪ ಯಾರ ಮೇಲೂ ಬಂದಿಲ್ಲ.

ಅವರಿಗೇನೂ ಬೇಸರವಿರಲಿಲ್ಲ. ನನ್ನ ಕೈಯಿಂದ ಫೋನು ತೆಗೆದುಕೊಂಡು, ಮಗ್ಗದ ಮೇಲೆ ಇಡುತ್ತಿದ್ದರಲ್ಲ ಆ ಅಂಗೈಯನ್ನು ಅದರ ಸ್ಪೀಕರಿಗೆ ಒತ್ತಿ ಹಿಡಿದರು. ಆಮೇಲೆ ಹಲ್ಲೆಲ್ಲ ಕಾಣುವಂತೆ ನಕ್ಕರು.

"ಬತ್ತಾ ಐತೆ. ನಲ್ಲಾ ಗಟ್ಟಿ ಐತೆ, ಬೋ ಗಟ್ಟಿ ಐತೆ ಪಾಪ."

ಆಮೇಲೆ ಎಷ್ಟೋ ಒಳ್ಳೆಯ ಸುದ್ದಿಗಳು ಆ ಫೋನಿಗೆ ಬಂದವು, ಅದರ ನಂತರದ ಫೋನಿಗೂ ಬಂದವು. ಮೊದಲು ಬೀದಿ ದಾಟಿ ಹೋಗಿ ಅತ್ತೆಯ ಎದುರು ಮುಖ ತೋರಿಸಿ ಹೇಳುತ್ತೇನೆ. ನನ್ನ ಮದುವೆ ನಿಶ್ಚಯವಾದದ್ದನ್ನೂ ಹಾಗೇ ಹೇಳಿದೆ. ನಾನು ಮಾತಾಡುವಾಗ ಎದುರಿನವರಿಗೆ ಬೆನ್ನು ಹಾಕದಿರುವುದು ಅವರಿಂದ ಬಂದ ಬುದ್ಧಿ.

ಅಕ್ಕನ ಮಗಳಿಗೆ ಈಗ ಆರು ವರ್ಷ. ಅವಳ ಬಾಯಲ್ಲಿ ದಿನವಿಡೀ ತಮಿಳು, ನಾವು ಕನ್ನಡದಲ್ಲಿ ಕೇಳಿದರೂ ಉತ್ತರ ತಮಿಳಿನಲ್ಲೇ. ಎದುರುಮನೆಯ ಜಗಲಿ ಹತ್ತಿದರೆ ಮಾತ್ರ, ಅಜ್ಜಿ ಎನ್ನುತ್ತ ದನಿಯಿಲ್ಲದ ಕನ್ನಡ. ಹೋದ ರಜೆಯಲ್ಲಿ ಅವಳು ಬಂದಾಗ ಅತ್ತೆ ಜ್ವರದಿಂದ ಮಲಗಿದ್ದರು. ಹುಡುಗಿ ಹಾಸಿಗೆಯ ಪಕ್ಕ ಕೂತು, ಅವರ ಬಾಡಿದ ಮುಖವನ್ನೇ ನೋಡಿ, ತುಟಿ ಮಾತ್ರ ಆಡಿಸಿ ಏನೋ ಅಂದಳು. ತುಟಿ ಎರಡು ಸಲ ಒಡೆದದ್ದು ಬಾಗಿಲಲ್ಲಿದ್ದ ನನಗೂ ಕಂಡಿತು.

ಅತ್ತೆ ಜ್ವರದಲ್ಲೂ ಕತ್ತೆತ್ತಿದರು. "ಪಾಪಾನಾ? ಯಾವ ಪಾಪ ಲೇ?"

ಹುಡುಗಿ ಅವರ ಕೈಯೆಳೆದು, ಅಂಗೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡಳು. ಈ ಸಲ ದನಿ ತೆಗೆದೇ ಹೇಳಿದಳು:

"ನೀನು."