ಸ್ಟೀರಿಂಗ್ ಬಿಟ್ಟಿಳಿದವನು

ಡಿಪೋದಲ್ಲಿ ಅವನನ್ನು ಎಲ್ಲರೂ ‘ಮೆಲ್ಲಗಣ್ಣ’ ಎಂದೇ ಕರೆಯುತ್ತಿದ್ದರು. ಬಸ್ಸು ಹತ್ತಿದ ಮುದುಕಿಯರು ಕಂಬಿ ಹಿಡಿದು ಗಟ್ಟಿಯಾಗಿ ನಿಲ್ಲುವ ತನಕ ಅವನು ಗೇರು ಹಾಕುತ್ತಿರಲಿಲ್ಲ.

ಅವನ ಒಬ್ಬಳೇ ಮಗಳು ಅರಳು ಹುರಿದಂತೆ ಮಾತಾಡುವವಳು. ಹೈಸ್ಕೂಲಿನ ಕೊನೆಯ ವರ್ಷ ಶಾಲೆಯ ಮೆಟ್ಟಿಲಿನಲ್ಲಿ ಜಾರಿ, ಹಿಂದಲೆಗೆ ಪೆಟ್ಟು ಮಾಡಿಕೊಂಡಳು. ಗಾಯ ಬೇಗ ಮಾಯಿತು. ಸ್ಕ್ಯಾನಿನಲ್ಲೂ ಏನೂ ಕಾಣಲಿಲ್ಲ. ಆದರೆ ನಿದ್ದೆ ಮಾತ್ರ ಹಾದಿ ತಪ್ಪಿತು. ರಾತ್ರಿಯೆಲ್ಲ ಕಣ್ಣು ಹತ್ತುತ್ತಿರಲಿಲ್ಲ, ಹಗಲು ತಟ್ಟೆಯ ಮುಂದೆಯೇ ತೂಕಡಿಕೆ. ಮಾತು ಕಡಿಮೆಯಾಗಿ ಸಿಡುಕು ಹೆಚ್ಚಿತು. ಪಾಠದ ನಡುವೆ ಡೆಸ್ಕಿಗೆ ತಲೆಯಿಟ್ಟವಳನ್ನು ಗೆಳತಿಯರು ಮೊದಮೊದಲು ಎಬ್ಬಿಸಿದರು, ಆಮೇಲೆ ನಕ್ಕರು, ಕೊನೆಗೆ ಅವಳ ಪಾಡಿಗೆ ಬಿಟ್ಟರು.

“ಮಿದುಳಿಗೆ ಬಿದ್ದ ಏಟು, ನಿಧಾನಕ್ಕೆ ಸರಿಹೋಗತ್ತೆ. ಎಷ್ಟು ದಿನ ಅಂತ ನಂಗೂ ಹೇಳೋಕಾಗಲ್ಲ” ಎಂದರು ಡಾಕ್ಟರು.

ಅವಳು ಎಚ್ಚರವಿದ್ದರೆ ಜೊತೆಗಿರಲೆಂದು ಅಪ್ಪನೂ ಕೂರುತ್ತಿದ್ದ. ಅಪರೂಪಕ್ಕೆ ಅವಳು ಮಲಗಿದರೆ, ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮತ್ತೆ ಮತ್ತೆ ಬಗ್ಗಿ ನೋಡುತ್ತಿದ್ದ.

“ನೀವೂ ಸ್ವಲ್ಪ ಮಲಗಿ. ಹಿಂದೆ ಬಸ್ ತುಂಬ ಜನ ಇರ್ತಾರೆ” ಎಂದು ಹೆಂಡತಿ ಗೋಗರೆದಳು.

“ಸ್ಟೀರಿಂಗ್ ಹಿಡಿದ್ರೆ ನಿದ್ದೆ ತಾನಾಗೇ ಓಡಿಹೋಗತ್ತೆ ಬಿಡು.”

ಒಂದು ಮಧ್ಯಾಹ್ನ ಸೇತುವೆ ಇಳಿಯುವಾಗ ಅವನ ರೆಪ್ಪೆ ಮುಚ್ಚಿತು. ಕಂಡಕ್ಟರು ಕಿರುಚಿದ. ಕಣ್ಣು ಬಿಟ್ಟು ಬ್ರೇಕ್ ಒತ್ತಿದಾಗ ಬಸ್ಸಿನ ಮುಂದೆ, ಒಂದು ಮಾರು ದೂರದಲ್ಲಿ, ಶಾಲೆಯ ಹುಡುಗಿಯೊಬ್ಬಳು ಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳಿಗೆ ಏನೂ ಆಗಿರಲಿಲ್ಲ.

“ನಾನು ಬಾಯಿ ಬಿಡಲ್ಲ ಅಣ್ಣ” ಎಂದ ಕಂಡಕ್ಟರು.

ಅವನು ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಜನರನ್ನು ಹಿಂದೆ ಬಂದ ಬಸ್ಸಿಗೆ ಹತ್ತಿಸಿ, ಸಂಜೆ ಮೇಲ್ವಿಚಾರಕರಿಗೆ ತಾನೇ ಎಲ್ಲ ಹೇಳಿದ. “ಇನ್ನು ನನ್ನ ಕೈಗೆ ಬಸ್ ಕೊಡಬೇಡಿ ಸಾರ್.”

ಮರುವಾರದಿಂದ ಅವನಿಗೆ ಬಸ್ಸು ತೊಳೆಯುವ ಕೆಲಸ. ಮನೆಯಲ್ಲಿ ಈ ಸುದ್ದಿ ಎತ್ತಲಿಲ್ಲ. ಆದರೆ ಅವನು ಮರೆತು ಬಂದಿದ್ದ ಊಟದ ಡಬ್ಬಿ ಕೊಡಲು ಬಂದ ಮಗಳು ಡಿಪೋದ ಗೇಟಿನಲ್ಲೇ ನಿಂತುಬಿಟ್ಟಳು. ಅಪ್ಪ ಪ್ಯಾಂಟು ಮಡಚಿಕೊಂಡು ತನ್ನದೇ ಬಸ್ಸಿನ ಗಾಲಿ ಉಜ್ಜುತ್ತಿದ್ದ. ಮೇಲೆ ಅವನ ಸೀಟಿನಲ್ಲಿ ಬೇರೆ ಯಾರೋ ಕನ್ನಡಿ ಸರಿಮಾಡಿಕೊಳ್ಳುತ್ತಿದ್ದ.

“ಅಪ್ಪಾ, ಇದೆಲ್ಲ ನನ್ನಿಂದ ತಾನೇ?”

ಅವನು ಗಾಲಿ ಉಜ್ಜುವುದನ್ನು ಬಿಟ್ಟು ಎದ್ದ. “ನಿದ್ದೆಗೆಡು ಅಂತ ನೀನೇನಾದ್ರೂ ಹೇಳಿದ್ಯಾ? ನಾನೇ ನಿದ್ದೆಗೆಟ್ಟೆ. ನಿಂದೇನಿದೆ ಇದ್ರಲ್ಲಿ?”

ಬಿದ್ದ ದಿನವೂ ಅಳದಿದ್ದ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಕೈತುಂಬ ಸೋಪಿನ ನೊರೆಯಿದ್ದುದರಿಂದ ಅವನು ಮೊಣಕೈಯಿಂದಲೇ ಅವಳನ್ನು ಬಳಸಿಕೊಂಡ.

ಅವಳು ಪರೀಕ್ಷೆ ಬರೆದದ್ದು ಒಂದು ವರ್ಷ ತಡವಾಗಿ. ನಿದ್ದೆ ಈಗ ತುಂಡು ತುಂಡಾಗಿ ಬರುತ್ತದೆ; ಕೆಲವು ರಾತ್ರಿ ಹತ್ತಿರವೂ ಸುಳಿಯುವುದಿಲ್ಲ. ಆಗ ಅವಳು ಅಪ್ಪನಿಗೆ ಗೊತ್ತಾಗಬಾರದೆಂದು ಕಣ್ಣುಮುಚ್ಚಿ ಅಲುಗಾಡದೆ ಮಲಗಿರುತ್ತಾಳೆ. ಅವನಿಗೆ ಗೊತ್ತಾಗುತ್ತದೆ. ಅವನೂ ಗೋಡೆಯ ಕಡೆ ತಿರುಗಿ, ನಿದ್ದೆ ಬಂದವನ ಹಾಗೆ ಸದ್ದು ಮಾಡಿ ಉಸಿರು ಬಿಡುತ್ತಾನೆ.