ಪ್ರತಿ: ಮಾಹಿತಿಗಾಗಿ

ಮಣಿನಗರ ಸ್ಟೇಷನ್ನಿನ ಹಿಂದಿನ ಆ ಸೊಸೈಟಿಯಲ್ಲಿ ಹಾಲಪ್ಪನವರಿಗೆ ಹೆದರದೇ ಇದ್ದದ್ದು ಎರಡೇ: ಅವರ ಹೆಂಡತಿ ನಳಿನಿ ಮತ್ತು ತಾರಸಿಯ ಮೇಲಿನ ಸೋರುವ ಟ್ಯಾಂಕು. ಹಾವೇರಿ ಕಡೆಯವರು. ವಿಮಾ ಕಂಪನಿಯ ದೂರು ವಿಭಾಗದಲ್ಲಿ ಜನರ ದೂರುಗಳನ್ನು 'ಮುಕ್ತಾಯ' ಮಾಡುತ್ತ ಮಾಡುತ್ತ ಅಹಮದಾಬಾದಿನಲ್ಲೇ ನಿವೃತ್ತರಾಗಿ, ಮಾರನೆಯ ದಿನದಿಂದ ತಾವೇ ದೂರು ಬರೆಯಲು ಕೂತರು. ಚರಂಡಿ, ಬೀದಿದೀಪ, ಪಾರಿವಾಳ, ಯಾವುದನ್ನೂ ಬಿಡಲಿಲ್ಲ. ಅವರ ಕಾಗದಕ್ಕೊಂದು ಶಿಸ್ತಿತ್ತು. ಕೊನೆಗೆ ಪೂರ್ತಿ ಹೆಸರು, 'ನಿವೃತ್ತ ಹಿರಿಯ ಅಧಿಕಾರಿ' ಎಂಬ ಬಿರುದು, ಅದರ ಕೆಳಗೆ 'ಪ್ರತಿ: ಮಾಹಿತಿಗಾಗಿ' ಎಂದು ಸಂಬಂಧಪಟ್ಟವರ ಹಾಗೂ ಪಡದವರ ಹೆಸರುಗಳು. ನಾಲ್ಕು ಜನಕ್ಕೆ ಪ್ರತಿ ಹೋಗದ ದೂರು ಅವರ ಲೆಕ್ಕದಲ್ಲಿ ದೂರೇ ಅಲ್ಲ.

ಗೋಡೆಯ ಸದ್ದು ಮೊದಲು ಕೇಳಿದ್ದು ನಳಿನಿಯವರಿಗೆ. ಪಕ್ಕದ ಫ್ಲ್ಯಾಟಿನ ಗಂಡಹೆಂಡಿರು ಬೆಳಿಗ್ಗೆ ಹೊರಗಿನಿಂದ ಬೀಗ ಜಡಿದು ಕೆಲಸಕ್ಕೆ ಹೋಗುತ್ತಿದ್ದರು. ಒಳಗೊಬ್ಬ ಎಂಟೊಂಬತ್ತು ವರ್ಷದ ಹುಡುಗಿ. ಊರಿಂದ ಬಂದ ನೆಂಟರ ಮಗು ಎನ್ನುತ್ತಿದ್ದರು. ನೆಂಟರ ಮಗು ಇಡೀ ದಿನ ಪಾತ್ರೆ ತಿಕ್ಕುವುದು ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಮಧ್ಯಾಹ್ನ ನಳಿನಿ ಚಪಾತಿಗೆ ನಿಂತರೆ ಗೋಡೆಯಾಚೆಯಿಂದ ಟಕ್ ಟಕ್. ಇವರು ಲಟ್ಟಣಿಗೆಯಿಂದ ಟಕ್ ಟಕ್. ಆಚೆ ಸಣ್ಣ ನಗು. ಒಂದು ದಿನ ನಗುವಿನ ಜಾಗದಲ್ಲಿ ಅಳು ಬಂತು. ಕಿಟಕಿಯ ಸರಳಿನಲ್ಲಿ ಒಂದು ಕೈ ಕಂಡಿತು. ಮಣಿಕಟ್ಟಿನ ಮೇಲೆ ಸುಟ್ಟ ಗಾಯ.

"ಏನರ ಮಾಡ್ರಿ," ಎಂದರು ನಳಿನಿ. "ಪಾರಿವಾಳದ ಮ್ಯಾಲೆ ಅಷ್ಟು ಬರದೀರಿ. ಈ ಕೂಸಿನ ಸಲುವಾಗಿ ಒಂದು ಬರೀರಿ."

ಹಾಲಪ್ಪನವರು ಮಕ್ಕಳ ರಕ್ಷಣೆಯ ಕಚೇರಿಗೆ ಫೋನ್ ಮಾಡಿದರು. ಎತ್ತಿಕೊಂಡ ಅದಿತಿ ಎಂಬಾಕೆ ಹಿಂದಿಯಲ್ಲಿ, "ಕಾಕಾ, ನಿಮ್ಮ ಹೆಸರು ಹೊರಗೆ ಬರೋದಿಲ್ಲ. ನೀವೂ ಯಾರ ಹತ್ರನೂ ಬಾಯಿ ಬಿಡಬೇಡಿ. ಅವರಿಗೆ ಸುಳಿವು ಸಿಕ್ಕರೆ ಮಗೂನ ಸಾಗಿಸಿಬಿಡ್ತಾರೆ," ಎಂದಳು.

ಫೋನಿಟ್ಟ ಹಾಲಪ್ಪನವರಿಗೆ ಅವಮಾನವಾಗಿತ್ತು. "ಹೆಸರು ಮುಚ್ಚಿಡಬೇಕಂತ! ನಾ ಏನು ಕಳ್ಳನ?"

ಅದೇ ಕಚೇರಿಗೆ ಮೂರು ಪುಟ ಬರೆದರು. ಕಾನೂನು ಬಂತು, ಮಾನವೀಯತೆ ಬಂತು, ತಮ್ಮ ಸರ್ವಿಸಿನ ಬಗ್ಗೆ ಒಂದು ಪ್ಯಾರಾ ಬಂತು. ಕೈ ತನ್ನಷ್ಟಕ್ಕೆ ಕೊನೆಯ ಸಾಲನ್ನೂ ಬರೆಯಿತು. ಪ್ರತಿ: ಮಾಹಿತಿಗಾಗಿ, ನಾಲ್ಕು ಹೆಸರು; ಮೊದಲನೆಯದು ಸೊಸೈಟಿಯ ಸೆಕ್ರೆಟರಿ ಪ್ರಶಾಂತ್‌ಭಾಯಿ.

ಪ್ರಶಾಂತ್‌ಭಾಯಿಗೆ ಸೊಸೈಟಿಯ ಮರ್ಯಾದೆಯ ಚಿಂತೆ. ಕಾಗದ ಹಿಡಿದುಕೊಂಡು ನೇರ ಆ ಮನೆಯ ಬಾಗಿಲಿಗೇ ಹೋದರು. ಮರುದಿನ ಬೆಳಿಗ್ಗೆ ಕೆಳಗೊಂದು ಟೆಂಪೊ ನಿಂತಿತ್ತು. ಸೂರತ್ತಿಗಂತೆ, ಎಂದ ವಾಚ್‌ಮನ್. ಹಾಸಿಗೆ ಮತ್ತು ಫ್ರಿಜ್ಜಿನ ನಡುವೆ ಕುಳಿತಿದ್ದ ಹುಡುಗಿ ನಳಿನಿಯವರ ಕಿಟಕಿಯತ್ತ ತಲೆಯೆತ್ತಿ, ಬೆರಳಿನಿಂದ ಫ್ರಿಜ್ಜಿನ ಮೈ ತಟ್ಟಿದಳು. ಅಷ್ಟು ಎತ್ತರಕ್ಕೆ ಸದ್ದು ಬರಲಿಲ್ಲ. ಹಾಲಪ್ಪನವರು ಫೋನ್ ಹಚ್ಚುತ್ತಲೇ ಇದ್ದರು. ಕಚೇರಿಯಲ್ಲಿ ಯಾರೂ ಎತ್ತಲಿಲ್ಲ.

ಕಚೇರಿಯವರು ಬಂದದ್ದು ಮುಂದಿನ ವಾರ. ಬೀಗ ನೋಡಿ ಹೋದರು. ಉತ್ತರವೂ ಬಂತು: 'ಸ್ಥಳದಲ್ಲಿ ಮಗು ಕಂಡುಬಂದಿಲ್ಲ. ದೂರು ಮುಕ್ತಾಯ.' ಇಂಥ ವಾಕ್ಯಗಳನ್ನು ಹಾಲಪ್ಪನವರು ಸಾವಿರ ಬರೆದಿದ್ದರು. ಓದಿದ್ದು ಇದೇ ಮೊದಲು.

ಸಿಟ್ಟಿನಿಂದ ಕಚೇರಿಯ ಮೇಲೆಯೇ ದೂರು ಬರೆದುಕೊಂಡು, ಇಸ್ತ್ರಿ ಅಂಗಿ ತೊಟ್ಟು, ಖುದ್ದಾಗಿ ಹೋದರು. ಅದಿತಿ ಪೂರ್ತಿ ಓದಿದಳು.

"ನಾವು ತಡ ಮಾಡಿದ್ದು ನಿಜ ಕಾಕಾ. ಬರೀರಿ, ಬರೀಲೇಬೇಕು. ಆದರೆ ಅವರಿಗೆ ಗೊತ್ತಾಗಿದ್ದು ಹೇಗೆ?"

ಹಾಲಪ್ಪನವರು ಕನ್ನಡಕ ಒರೆಸಿಕೊಂಡರು. ಆಕೆಯ ಬೆರಳು ಹಳೆಯ ಕಾಗದದ ಕೊನೆಯ ಸಾಲಿನ ಮೇಲೆ ಬಂದು ನಿಂತಿತ್ತು. ಆಕೆ ಬೈಯಲಿಲ್ಲ. ಬೈದಿದ್ದರೆ ಅದಕ್ಕೂ ಒಂದು ದೂರು ಬರೆಯಬಹುದಿತ್ತು.

"ಸೂರತ್‌ನವರಿಗೆ ತಿಳಿಸ್ತೀನಿ. ಹುಡುಗಿ ಹೆಸರು ಹೇಳಿ."

ಅವರು ಕಾಗದ ತಿರುವಿದರು. ಪುಟಪುಟಕ್ಕೂ ಹಾಲಪ್ಪ ಇದ್ದ. ಹುಡುಗಿಯ ಹೆಸರು ಎಲ್ಲೂ ಇರಲಿಲ್ಲ.

ಮನೆಗೆ ಬಂದವರೇ ಕೇಳಿದರು: "ಆ ಹುಡುಗಿ ಹೆಸರೇನ?"

"ಗೋಡಿಗೆ ಹೆಸರು ಕೇಳೂದು ಹ್ಯಾಂಗ್ರೀ?" ನಳಿನಿ ಹಿಟ್ಟು ನಾದುತ್ತಿದ್ದರು. "ನಾ ಚಿನ್ನಿ ಅಂತಿದ್ದೆ."

ಆಗ ಗೋಡೆ ಟಕ್ ಟಕ್ ಎಂದಿತು.

ಹಾಲಪ್ಪನವರು ಹೊರಗೆ ಹೋಗಿ ನೋಡಿದರು. ಪಕ್ಕದ ಬಾಗಿಲಿಗೆ ಅದೇ ಬೀಗ, ಬೀಗದ ಮೇಲೆ ಧೂಳು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದರು.

"ನಿನಗೂ ಕೇಳಸ್ತ?"

"ಅಕಿ ಹೋದ ಮ್ಯಾಲೂ ದಿನಾ ಕೇಳಸ್ತದ. ನಿಮಗ ಹೇಳಿದ್ರ ಊರಿಗೆಲ್ಲಾ ಪ್ರತಿ ಕಳಸ್ತೀರಿ ಅಂತ ಸುಮ್ಮನಿದ್ದೆ."

ಹಾಲಪ್ಪನವರು ಹೆಂಡತಿಯ ಪಕ್ಕದಲ್ಲಿದ್ದ ಲಟ್ಟಣಿಗೆ ತೆಗೆದುಕೊಂಡು ಗೋಡೆಗೆ ಮೆಲ್ಲಗೆ ತಟ್ಟಿ, ಸುಣ್ಣಕ್ಕೆ ಬಾಯಿ ಹಚ್ಚಿ ಪಿಸುಗುಟ್ಟಿದರು:

"ಹೆಸರು ಹೇಳವ್ವಾ. ಯಾರಿಗೂ ಹೇಳೂದಿಲ್ಲ."

ಆಚೆಯಿಂದ ಟಕ್ ಟಕ್, ಅಷ್ಟೇ.