ಫಿರಂಗಿ ಕಿವಿಗಳಿಗೊಬ್ಬ ವಯರ್‌ಲೆಸ್ಸಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿ ನಲ್ಲಿಗೆ ನೀರು ಬಂದಿಲ್ಲ, ಹಾಗಾಗಿ ಜಗಳವೂ ಶುರುವಾಗಿಲ್ಲ. ಮೂಲೆಮನೆಯ ಗೋಡೆಗೆ ಹಳೇ ಸೈಕಲ್ಲೊಂದು ಒರಗಿದೆ. ಒಳಗೆ, ಅಡುಗೆಮನೆ ಬಾಗಿಲ ಪಕ್ಕದ ಬೆಂಚಿನ ಮೇಲೆ, ಎಪ್ಪತ್ತು ದಾಟಿದ ಮಾಜಿ ಸೈನಿಕರೊಬ್ಬರು ಬನಿಯನ್ನಿನಲ್ಲಿ ಕತ್ತು ವಾಲಿಸಿ ಕೂತಿದ್ದಾರೆ. ಅವರೆದುರು ಕನ್ನಡಕವನ್ನು ಹಣೆಗೇರಿಸಿಕೊಂಡು ಬಗ್ಗಿರುವ ಮನುಷ್ಯ, ಕಿವಿಯಂತ್ರದ ಸಪೂರ ಕೊಳವೆಗೆ ನೈಲಾನ್ ದಾರ ತೂರಿಸಿ ಗುಗ್ಗೆ ತೆಗೆಯುತ್ತಿದ್ದಾರೆ. ಊದಿ, ಒರೆಸಿ, ಬ್ಯಾಟರಿ ಬದಲಿಸಿ, ಕಿವಿಗೆ ಸಿಕ್ಕಿಸುತ್ತಾರೆ.

"ಏನಾದ್ರೂ ಕೇಳಿಸ್ತಿದೆಯಾ?"

"ಏನೋ ಸುಂಯ್ ಅಂತಿದೆಯಲ್ಲೋ."

"ಅದು ಹಾಲು. ಒಲೆ ಮೇಲೆ ಕಾಯ್ತಾ ಇದೆ."

"ಹಾಲು ಕಾಯೋದಕ್ಕೂ ಸದ್ದು ಇರುತ್ತಾ?"

"ಸ್ವಲ್ಪ ಸುಮ್ನಿರಿ, ಈಗ ಬದಲಾಗುತ್ತೆ ನೋಡಿ."

ಇಬ್ಬರೂ ಉಸಿರು ಬಿಗಿಹಿಡಿದು ಆಲಿಸುತ್ತಾರೆ. ಸದ್ದು ಬದಲಾಗುತ್ತದೆ. ಹಾಲು ಉಕ್ಕಿ ಒಲೆ ಆರಿಹೋಗುತ್ತದೆ. ಹಿತ್ತಲಿಂದ ಓಡಿಬಂದ ಮನೆಯೊಡತಿ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. "ಕೇಳಿದ್ರಾ ಅನ್ಯಾಯಾನಾ! ಇಬ್ಬರು ಗಂಡಸರು ಎದುರಿಗೇ ಕೂತು ಹಾಲು ಉಕ್ಕೋದನ್ನ ಕೇಳ್ತಾ ಇದ್ರಂತೆ!"

ಬೈಗುಳ ಸ್ಪಷ್ಟವಾಗಿ ಕಿವಿಗೆ ಬಿತ್ತೆಂದು ಯಜಮಾನರು ಬೊಚ್ಚುಬಾಯಿ ಬಿಟ್ಟು ನಗುತ್ತಾರೆ. ಬಂದ ಕೆಲಸ ಕೈಗೂಡಿತೆಂದು ಸೈಕಲ್ಲಿನವರು ಮೆಲ್ಲನೆ ಜಾಗ ಖಾಲಿ ಮಾಡುತ್ತಾರೆ.

ಊರಿಗೆ ಇವರು ವಯರ್‌ಲೆಸ್ಸಣ್ಣ. ಸೇನೆಯಲ್ಲಿ ವಯರ್‌ಲೆಸ್ ಸೆಟ್ಟಿನ ಮುಂದೆ ಕೂತು, ಅಲ್ಲಿಯ ಮಾತು ಇಲ್ಲಿಗೆ, ಇಲ್ಲಿಯದು ಅಲ್ಲಿಗೆ ಮುಟ್ಟಿಸಿದವರು. ಈಗ ಪಿಂಚಣಿದಾರರು. ಈ ಊರಲ್ಲಿ ಮಾಜಿ ಸೈನಿಕರು ಬಹಳ. ಅವರಲ್ಲಿ ಹೆಚ್ಚಿನವರು ಫಿರಂಗಿ ದಳದವರು. ವರ್ಷಗಟ್ಟಲೆ ಫಿರಂಗಿ ಹಾರಿಸಿದವರ ಕಿವಿ ಏನಾಗಬೇಕೋ ಅದೇ ಆಗಿದೆ. ಸದ್ಯ ವಯರ್‌ಲೆಸ್ಸಣ್ಣನ ಉಸ್ತುವಾರಿಯಲ್ಲಿ ಮೂವತ್ತೊಂದು ಕಿವಿಗಳಿವೆ. ಅವರು ಜನರನ್ನು ಎಣಿಸುವುದಿಲ್ಲ, ಕಿವಿಗಳನ್ನೇ ಎಣಿಸುತ್ತಾರೆ. ಬೆಸ ಸಂಖ್ಯೆ ಯಾಕೆಂದರೆ ಒಬ್ಬರು ಬಲಗಿವಿಗೆ ಮಾತ್ರ ಒಪ್ಪಿದ್ದಾರೆ. ಊಟಕ್ಕೆ ಕೂತಾಗ ಅವರ ಎಡಗಡೆ ಕೂರುವುದು ಅತ್ತೆ.

ಈ ಕೆಲಸಕ್ಕೆ ಅವರನ್ನು ಹಚ್ಚಿದವರು, ಒಂದು ಲೆಕ್ಕದಲ್ಲಿ, ಅವರ ಹೆಂಡತಿಯೇ. ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವ ಆಕೆ ಮಿಷನ್ನಿನಿಂದ ಕಾಲು ತೆಗೆಯದೆ ಹೇಳುತ್ತಾರೆ: "ಸೇನೆ ಬಿಟ್ಟು ಬಂದ ಹೊಸದ್ರಲ್ಲಿ 'ಉಪ್ಪು ತನ್ನಿ' ಅಂದ್ರೆ 'ಉಪ್ಪು, ನಾನು ತರಬೇಕು, ಸರಿಯಾ?' ಅಂತ ನನ್ನ ಮಾತನ್ನ ನಂಗೇ ವಾಪಸ್ ಓದ್ತಿದ್ರು. ಅಲ್ಲಿ ಹಾಗೇ ಮಾಡ್ಬೇಕಂತೆ. ಒಂದು ತಿಂಗಳು ತಡ್ಕೊಂಡೆ. ಆಮೇಲೆ, 'ಪುಣ್ಯ ಬರುತ್ತೆ, ಎಲ್ಲಾದ್ರೂ ಸ್ವಲ್ಪ ಹೋಗಿ ಬನ್ನಿ' ಅಂದೆ. 'ಎಲ್ಲಾದ್ರೂ, ಸ್ವಲ್ಪ, ಸರಿಯಾ?' ಅಂದ್ರು."

ನಗುತ್ತಲೇ ಕೇಳಿಸಿಕೊಂಡ ವಯರ್‌ಲೆಸ್ಸಣ್ಣ ಹೇಳುತ್ತಾರೆ: "ಅಲ್ಲಿ ನಾನು ಒಂದು ಮಾತು ತಡ ಮಾಡಿದ್ರೆ ಗಾಡಿಗಳ ಸಾಲೇ ನಿಂತುಬಿಡೋದು. ಇಲ್ಲಿ ನಾನು ಇಡೀ ದಿನ ಬಾಯಿ ಬಿಡದಿದ್ರೂ ಯಾರಿಗೂ ಏನೂ ನಿಲ್ಲಲಿಲ್ಲ. ಅದು ಕಷ್ಟ ಆಯ್ತು ಸಾರ್."

ಹಾಗೆ ಮನೆಯಿಂದ ಹೊರಟವರು ಹೋಗಿ ಕೂತದ್ದು ಮಾಜಿ ಸೈನಿಕರ ಸಂಘದ ಕೊಠಡಿಯಲ್ಲಿ. ಅಂದು ಸಭೆಯಿತ್ತು. ಅಧ್ಯಕ್ಷರು ಎದ್ದು, "ಛಾವಣಿ ಸೋರ್ತಾ ಇದೆ" ಎಂದರು. ಮುಂದಿನ ಸಾಲಿನವರಿಗೆ ಅದು "ಚಹಾ ಆರ್ತಾ ಇದೆ" ಎಂದು ಕೇಳಿಸಿತು. ಎಲ್ಲರೂ ಲೋಟ ಎತ್ತಿ ಗಟಗಟ ಕುಡಿದರು. "ಇದಕ್ಕೆ ಏನು ಮಾಡೋಣ?" ಎಂದರು ಅಧ್ಯಕ್ಷರು. "ಇನ್ನೊಂದು ಸುತ್ತು ತರಿಸೋಣ" ಎಂದು ಸಭೆ ಕೈ ಎತ್ತಿತು. ಕೈ ಎತ್ತಿದವರ ತಲೆಯ ಮೇಲೆ ತೊಟತೊಟ ನೀರು ಬೀಳುತ್ತಲೇ ಇತ್ತು.

ಕಿವಿಯಂತ್ರ ಇಲ್ಲವೇ ಎಂದರೆ, ಎಲ್ಲರ ಬಳಿಯೂ ಇತ್ತು. ಶಿಬಿರವೊಂದರಲ್ಲಿ ಕೊಟ್ಟಿದ್ದರು. ಆದರೆ ಒಬ್ಬರದು ಸಕ್ಕರೆ ಡಬ್ಬಿಯೊಳಗೆ, ಇನ್ನೊಬ್ಬರದು ಮದುವೆಯ ಕೋಟಿನ ಜೇಬಿನಲ್ಲಿ. ಕೀಂಯ್ ಅನ್ನುತ್ತದೆ, ತುರಿಸುತ್ತದೆ, ಹಾಕಿಕೊಂಡರೆ ಜನ ಮುದುಕ ಅಂತಾರೆ. ಕೋಲೂರುವವರೂ ಈ ಮೂರನೆಯ ಕಾರಣ ಕೊಟ್ಟರು.

ವಯರ್‌ಲೆಸ್ಸಣ್ಣನ ಕಿವಿ ನೆಟ್ಟಗಾಯಿತು. ಸೆಟ್ಟಿದೆ, ಆಳಿದ್ದಾನೆ, ಸಂಪರ್ಕವಿಲ್ಲ! ಅವರಿಗೆ ಗೊತ್ತಿದ್ದ ಕೆಲಸ ಅದೊಂದೇ. ಮರುದಿನದಿಂದ ಕಿವಿ ಪರೀಕ್ಷೆ ಮಾಡುವ ಡಾಕ್ಟರಮ್ಮನ ಬಾಗಿಲಲ್ಲಿ ಹಾಜರಾದರು. "ಓಡಿಸೋಕೆ ನೋಡ್ದೆ, ಹೋಗ್ಲಿಲ್ಲ" ಎನ್ನುತ್ತಾರೆ ಆಕೆ. "ಕೊನೆಗೆ ಶುಚಿ ಮಾಡೋದು, ತೊಡಿಸೋದು ಕಲಿಸ್ದೆ. ಕಿವಿ ನೋವು, ಸೋರೋದು ಅಂದ್ರೆ ಮಾತ್ರ ಮುಟ್ಟಬೇಡಿ, ನನ್ನ ಹತ್ರ ಕಳಿಸಿ ಅಂದಿದೀನಿ. ಕಳಿಸ್ತಾರೆ. ಸಮಸ್ಯೆ ಏನಂದ್ರೆ ಜೊತೇಲಿ ತಾವೂ ಬರ್ತಾರೆ."

ಮುಂಜಾನೆಯೇ ಯಾಕೆ ಎಂದರೆ ವಯರ್‌ಲೆಸ್ಸಣ್ಣ ಹೇಳುತ್ತಾರೆ: "ಸಂತೆ ಹೊತ್ತಲ್ಲಿ ಯಂತ್ರ ಹಾಕಿದ್ರೆ ಎಲ್ಲಾ ಸದ್ದೂ ಒಟ್ಟಿಗೆ ಮೈಮೇಲೆ ಬೀಳುತ್ತೆ. ಕಿತ್ತು ಎಸೀತಾರೆ. ಬೆಳಗ್ಗೆ ಪೊರಕೆ, ಗುಬ್ಬಿ, ಬಟ್ಟೆ ಹಿಂಡೋದು, ಇಷ್ಟೇ ಇರುತ್ತೆ. ಒಂದೊಂದನ್ನೇ ಪರಿಚಯ ಮಾಡಿಸ್ಬಹುದು." ಮನೆಮಂದಿಗೂ ಪಾಠವಿದೆ: ಕೂಗಬೇಡಿ, ಎದುರಿಗೆ ಬಂದು ನಿಧಾನ ಮಾತಾಡಿ. ನಲವತ್ತು ವರ್ಷ ಕೂಗಿ ಅಭ್ಯಾಸವಾದ ಗಂಟಲುಗಳಿಗೆ ಇದೇ ಕಷ್ಟದ ಪಾಠ.

ಎಲ್ಲರೂ ಬಗ್ಗಿದರು. ಫಿರಂಗಿ ದೊಡ್ಡಪ್ಪ ಮಾತ್ರ ಬಗ್ಗಲಿಲ್ಲ.

ದೊಡ್ಡಪ್ಪ ದಳದಲ್ಲಿ ಹೆಸರಾದ ಗುರಿಕಾರ. ಹತ್ತಿ ತುರುಕಿಕೊಂಡರೆ ಆಜ್ಞೆ ಕೇಳಿಸುವುದಿಲ್ಲವೆಂದು ಸೇವೆಯುದ್ದಕ್ಕೂ ಬರಿಗಿವಿಯಲ್ಲೇ ನಿಂತವರು. ಈಗ ಆಕಾಶವೇ ಕಳಚಿ ಬಿದ್ದರೂ "ಯಾರೋ ಬಾಗಿಲು ಹಾಕಿದ್ರಾ?" ಅನ್ನುತ್ತಾರೆ. ಅವರ ವಾದ ಒಂದೇ: "ನನ್ನ ಕಿವಿ ನೆಟ್ಟಗಿದೆ. ಈಗಿನವರ ಬಾಯಿ ನೆಟ್ಟಗಿಲ್ಲ."

ಆದರೆ ಅವರು ಮನೆ ಬಿಟ್ಟು ಹೊರಬರದೆ ವರ್ಷದ ಮೇಲಾಗಿತ್ತು. ಕಾರಣವನ್ನು ದೊಡ್ಡಮ್ಮ ಸೆರಗಿನ ಮರೆಯಲ್ಲಿ ಹೇಳಿದರು. ದೊಡ್ಡಪ್ಪನ ಫಿರಂಗಿಗೆ ಗುಂಡು ತುಂಬುತ್ತಿದ್ದ ಗೆಳೆಯನೊಬ್ಬನಿದ್ದ. ಇದೇ ಊರು, ಎರಡು ಬೀದಿ ಆಚೆ ಮನೆ. ಕಾವಲುಗಾರನ ಕೆಲಸವೊಂದಕ್ಕೆ ಸೇರುವುದೋ ಬೇಡವೋ ಎಂದು ಬಹಳ ದಿನ ಹೊಯ್ದಾಡುತ್ತಿದ್ದ. ಒಂದು ಬೆಳಗ್ಗೆ ಗೆಳೆಯನ ತಮ್ಮ ಸಂಘದ ಕೊಠಡಿಗೆ ಬಂದು, "ಅಣ್ಣ ತೀರ್ಕೊಂಡ್ರು" ಎಂದ.

ದೊಡ್ಡಪ್ಪನಿಗೆ ಕೇಳಿಸಿದ್ದು "ಸೇರ್ಕೊಂಡ್ರು".

"ಸೇರ್ಕೊಂಡ್ನಾ? ಭೇಷ್!" ಎಂದು ತಮ್ಮನ ಬೆನ್ನು ತಟ್ಟಿದರು. "ಎಷ್ಟು ದಿನದಿಂದ ಬಡ್ಕೋತಿದ್ದೆ, ಸೇರ್ಕೋ ಮಾರಾಯ ಸೇರ್ಕೋ ಅಂತ! ಈಗ್ಲಾದ್ರೂ ಬುದ್ಧಿ ಬಂತಲ್ಲ!"

ಸುತ್ತಲಿನ ಮುಖಗಳನ್ನು ನೋಡಿದ ಮೇಲೆ ಏನೋ ಎಡವಟ್ಟಾಗಿದೆ ಎಂದು ತಿಳಿಯಿತು. ಯಾರೋ ಕಿವಿಯ ಹತ್ತಿರ ಬಾಯಿಟ್ಟು "ಸತ್ತರು!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದರು. ದೊಡ್ಡಪ್ಪ ಎದ್ದು ಮನೆಗೆ ಬಂದವರು ಗೆಳೆಯನ ಮುಖ ನೋಡಲೂ ಹೋಗಲಿಲ್ಲ. ಅಂದು ಹಾಕಿದ ಚಿಲಕ ಹಾಗೇ ಇತ್ತು.

ವಯರ್‌ಲೆಸ್ಸಣ್ಣ ಮೊದಲ ದಿನ ಹೋದಾಗ ದೊಡ್ಡಪ್ಪ, "ಏನು ಮಾರೋಕೆ ಬಂದೆ?" ಎಂದರು. "ಕಿವಿ ನೋಡೋಕೆ ಬಂದೆ." "ಕವಿಯಾ? ಕವಿಗಳಿಗೆಲ್ಲ ಇಲ್ಲಿ ಕೆಲಸ ಇಲ್ಲ, ನಡಿ." ಎರಡನೇ ಸಲ, ಬಂದವನು ಯಾರೆಂದು ದೊಡ್ಡಮ್ಮ ಸನ್ನೆಯಲ್ಲಿ ತಿಳಿಸಿದ್ದೇ ತಪ್ಪಾಯಿತು. ದೊಡ್ಡಪ್ಪನ ಮುಖ ಕೆಂಡವಾಯಿತು.

"ವಯರ್‌ಲೆಸ್ಸಿನವನಾ! ನಿಮ್ಮವನೇ ಅಲ್ವಾ ಅವತ್ತು ಅಭ್ಯಾಸದ ದಿನ ಗುರಿಯ ಅಂಕಿ ತಿರುವುಮುರುವು ಹೇಳಿದ್ದು! ನನ್ನ ಗುಂಡು ಹೋಗಿ ಕುಂಬಳಕಾಯಿ ಹೊಲಕ್ಕೆ ಬಿತ್ತು. ಕುಂಬಳಕಾಯಿ ಮೇಲೆ ಯುದ್ಧ ಸಾರಿದವನು ಅಂತ ಇಡೀ ದಳ ನಕ್ತು. ಗುರಿ ನಂದು ತಪ್ಪಿರಲಿಲ್ಲ, ಬಾಯಿ ನಿಮ್ದು ತಪ್ಪಿತ್ತು!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಸರದಿ ವಯರ್‌ಲೆಸ್ಸಣ್ಣನದಾಯಿತು. ನಿಜವೆಂದರೆ ಆ ಗುಂಡು ಬೀಳುವಾಗ ಅವರಿನ್ನೂ ಶಾಲೆಯಲ್ಲಿ ಮಗ್ಗಿ ತಪ್ಪು ಹೇಳಿ ಏಟು ತಿನ್ನುತ್ತಿದ್ದರು. ಆದರೂ ದಿನಾ ಹೋದರು, ದಿನಾ ಬೈಸಿಕೊಂಡರು. ಕಿವಿಯ ಮಾತೇ ಎತ್ತಲಿಲ್ಲ. ಬೈಗುಳ ಮುಗಿದ ಮೇಲೆ ತೀರಾ ಮೆಲ್ಲಗೆ ಏನೋ ಒಂದು ಮಾತು ಹೇಳಿ ಎದ್ದು ಬರುತ್ತಿದ್ದರು.

ದೊಡ್ಡಪ್ಪನಿಗೆ ತಳಮಳ ಶುರುವಾಯಿತು. ಬೈಯುವುದೇನೋ ಸರಿ, ಆ ಪ್ರಾಣಿ ಉತ್ತರ ಏನು ಕೊಡುತ್ತಿದೆ? "ಏನಂದೆ? ಜೋರಾಗಿ ಹೇಳೋ!" ವಯರ್‌ಲೆಸ್ಸಣ್ಣ ಇನ್ನೂ ಮೆಲ್ಲಗೆ ಹೇಳುತ್ತಿದ್ದರು. ಹೆಂಡತಿಯನ್ನು ಕೇಳಿದರೆ ಆಕೆ, "ನಂಗೇನು ಗೊತ್ತು?" ಎಂದು ಕೈ ಆಡಿಸುತ್ತಿದ್ದರು. ಒಂದು ಬೆಳಗ್ಗೆ ದೊಡ್ಡಪ್ಪ ತಾವಾಗಿಯೇ ಕಪಾಟಿನಿಂದ ಕಿವಿಯಂತ್ರದ ಡಬ್ಬಿ ತಂದು ಮುಂದೆ ಕುಕ್ಕಿದರು.

"ಹಾಕು. ಬರೀ ನಿನ್ನ ಉತ್ತರ ಕೇಳೋಕೆ. ಆಮೇಲೆ ತೆಗೆದುಬಿಡ್ತೀನಿ."

ಯಂತ್ರ ಕಿವಿಗೇರಿತು. ಅದೇ ಮೆಲುದನಿಯಲ್ಲಿ ವಯರ್‌ಲೆಸ್ಸಣ್ಣ ಹೇಳಿದರು: "ತಪ್ಪು ನಮ್ಮವರದ್ದೇ, ದೊಡ್ಡಪ್ಪ. ಕ್ಷಮಿಸಿಬಿಡಿ."

ದೊಡ್ಡಪ್ಪನ ಬೈಗುಳದ ಚೀಲ ಬರಿದಾಗಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ದೊಡ್ಡಮ್ಮನ ಗೊಣಗು ತೇಲಿಬಂತು. "ಈ ಮುದುಕಂಗೆ ಬುದ್ಧಿ ಯಾವಾಗ ಬರುತ್ತೋ."

"ಬಂತು ಬಿಡೇ" ಎಂದರು ದೊಡ್ಡಪ್ಪ.

ಒಳಗೆ ಸೌಟು ನೆಲಕ್ಕೆ ಬಿತ್ತು. ಎಷ್ಟೋ ವರ್ಷಗಳಿಂದ ಗಂಡನ ಬೆನ್ನ ಹಿಂದೆ ನಿಶ್ಚಿಂತೆಯಿಂದ ಆಡಿಕೊಂಡು ಬಂದಿದ್ದ ದೊಡ್ಡಮ್ಮ ಬಾಗಿಲಿಗೆ ಬಂದು, "ನನ್ನ ಬಾಯಿಗೆ ಬೀಗ ಹಾಕಿಸ್ಬಿಟ್ಯಲ್ಲೋ ಮಗನೇ!" ಎಂದರು. ಕಣ್ಣು ಒರೆಸಿಕೊಳ್ಳುತ್ತಿದ್ದರು. ಕೇಳಿದರೆ ಹೊಗೆ ಎಂದರು. ಒಲೆ ಹಚ್ಚಿರಲೇ ಇಲ್ಲ.

ದೊಡ್ಡಪ್ಪ ಯಂತ್ರ ತೆಗೆಯಲಿಲ್ಲ. "ನೀನು ಮಾಡದ ತಪ್ಪಿಗೇ ಕ್ಷಮೆ ಕೇಳ್ದೆ" ಎಂದರು. ಅವರಿಗೂ ವಯಸ್ಸಿನ ಲೆಕ್ಕ ಗೊತ್ತಿತ್ತು. "ನಾನು ಮಾಡಿದ್ದಕ್ಕೆ ಇನ್ನೂ ಕೇಳಿಲ್ಲ. ಸೈಕಲ್ಲು ಇಲ್ಲೇ ಬಿಡು. ನನ್ನ ಜೊತೆ ಬಾ."

ಎರಡು ಬೀದಿ ದಾಟಲು ದೊಡ್ಡಪ್ಪ ನಾಲ್ಕು ಕಡೆ ನಿಂತರು. ಗೆಳೆಯನ ಹೆಂಡತಿ ಅಂಗಳ ಗುಡಿಸುತ್ತಿದ್ದರು. ದೊಡ್ಡಪ್ಪ ಕೈಮುಗಿದು, "ತಂಗೀ, ಅವತ್ತು ನಾನು..." ಎಂದು ತೊಡಗಿದರು.

ಆಕೆ ಪೊರಕೆ ಪಕ್ಕಕ್ಕಿಟ್ಟರು. "ಮೈದುನ ಬಂದು ಹೇಳ್ದ, ಅಣ್ಣ. ಅತ್ತೂ ಅತ್ತೂ ಸುಸ್ತಾಗಿ ಕೂತಿದ್ದೆ. 'ಸೇರ್ಕೊಂಡ್ನಾ, ಭೇಷ್' ಅಂದ್ರಿ ಅಂದಾಗ ನಗು ಬಂದುಬಿಡ್ತು. ಎಲ್ಲರೂ ನನ್ನ ತಲೆ ಕೆಟ್ಟಿದೆ ಅಂದ್ಕೊಂಡ್ರು. ಇವರು ಎಲ್ಲೋ ಡ್ಯೂಟಿಗೆ ಸೇರ್ಕೊಂಡಿದಾರೆ ಅನ್ಕೊಂಡೇ ಅವತ್ತಿನ ರಾತ್ರಿ ಕಳೆದೆ. ನೀವು ಯಾಕೆ ಬರ್ಲಿಲ್ಲ ಅಂತ ಮಾತ್ರ ಕಾಯ್ತಾ ಇದ್ದೆ."

ಆಕೆ ಕೂಗಿ ಹೇಳಲಿಲ್ಲ. ದೊಡ್ಡಪ್ಪನಿಗೆ ಪ್ರತಿಯೊಂದು ಅಕ್ಷರವೂ ಕೇಳಿಸಿತು. ಜಗಲಿಯಲ್ಲಿ ಕೂತು ಎಳೆಯ ಮಗುವಿನಂತೆ ಅತ್ತರು. ಆಮೇಲೆ ಮೂಗು ಒರೆಸಿಕೊಂಡು, ತಮ್ಮ ಅಳು ಇಷ್ಟು ಕರ್ಕಶವೆಂದು ತಮಗೆ ಗೊತ್ತೇ ಇರಲಿಲ್ಲ ಎಂದು ದೂರಿದರು.

ಈಗ ದೊಡ್ಡಪ್ಪ ಸಂಘಕ್ಕೆ ತಪ್ಪದೆ ಬರುತ್ತಾರೆ. ಛಾವಣಿಯೂ ರಿಪೇರಿಯಾಗಿದೆ. ಆದರೆ ಅಧ್ಯಕ್ಷರ ಮುಖ ಮಾತ್ರ ಬಾಡಿದೆ. "ಮುಂಚೆ ನಾನು ಏನು ಹೇಳಿದ್ರೂ ಸರ್ವಾನುಮತದಿಂದ ಪಾಸಾಗ್ತಿತ್ತು. ಈಗ ಪ್ರತಿಯೊಬ್ಬನಿಗೂ ಇನ್ನೊಬ್ಬ ಏನಂದ ಅಂತ ಗೊತ್ತಾಗಿಬಿಡುತ್ತೆ. ಎಲ್ಲಾ ಇವನ ಉಪಕಾರ." ಆದರೂ ಸನ್ಮಾನ ಮಾಡುತ್ತೇವೆಂದು ಸಂಘದವರು ಹಟ ಹಿಡಿದಿದ್ದುಂಟು. ವಯರ್‌ಲೆಸ್ಸಣ್ಣ ಒಪ್ಪಲಿಲ್ಲ. ಸನ್ಮಾನವೆಂದರೆ ಮೈಕು ಬರುತ್ತದೆ, ಮೈಕು ಬಂದರೆ ಎಲ್ಲರೂ ಯಂತ್ರ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ, ಮತ್ತೆ ಮೊದಲಿಂದ ಶುರು.

ಹಾಗಾದರೆ ಆಸೆಯೇ ಇಲ್ಲವೇ? ಸೈಕಲ್ಲಿನ ಚಕ್ರಕ್ಕೆ ಗಾಳಿ ಹೊಡೆಯುತ್ತಾ ಯೋಚಿಸುತ್ತಾರೆ.

"ಇದೆ ಸಾರ್. ಈ ಬೀದಿಗಳಲ್ಲಿ ನಡೆದ್ರೆ ಯಾರ ಮನೇಲಿ ಏನು ಮಾತು ಅಂತ ಎಲ್ಲಾ ಹೊರಗೇ ಕೇಳಿಸುತ್ತೆ. ಒಂದು ದಿನ ನಾನು ಹೀಗೇ ಹೋಗ್ತಿರುವಾಗ ಯಾವ ಮನೆ ಮಾತೂ ಕೇಳಿಸಬಾರ್ದು. ಗಂಡ ಹೆಂಡ್ತಿ ತಮ್ಮಷ್ಟಕ್ಕೇ ಪಿಸಪಿಸ ಅಂತಿರ್ಬೇಕು." ಪಂಪನ್ನು ಕ್ಯಾರಿಯರಿಗೆ ಸಿಕ್ಕಿಸಿ ಸೀಟಿಗೇರುತ್ತಾರೆ. "ಜಗಳಾನ ಕೂಗಿ ಆಡ್ಬಹುದು. ಒಳ್ಳೇ ಮಾತನ್ನ ಕೂಗಿ ಆಡೋಕಾಗಲ್ಲ, ನೋಡಿ."